ದೇಹಭಾರದ ಒಳಲೆಕ್ಕ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ, ಊರಿನ ಹಿರಿಯರು ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆಯ ವಿಭಾಗದಲ್ಲಿ, 1934ನೆಯ ಇಸವಿಯಿಂದ ಮೊದಲ್ಗೊಂಡು, ಹುಟ್ಟಿದ ಕೂಸನ್ನು ತಕ್ಕಡಿಯಲ್ಲಿಟ್ಟು ತೂಗಿ, ಅದರ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಅಳೆದು, ಹೆತ್ತ ತಾಯಿಯ ತೂಕದೊಡನೆ ಅವನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯೊಂದು ನಡೆದುಬಂದಿತು. ಐದೂವರೆ ಪೌಂಡು, ಆರು ಪೌಂಡು, ಏಳು ಪೌಂಡು ಎಂದು ಆ ಅಂಕಿಗಳನ್ನು ಸಾಲುಸಾಲಾಗಿ ಬರೆಯುತ್ತ ಹೋದ ದಾದಿಯರು, ತಾವು ಬರೆದುದು ಅರ್ಧ ಶತಮಾನಕ್ಕೂ ಮಿಕ್ಕ ಕಾಲದ ತರುವಾಯ ಲೋಕದ ವೈದ್ಯಶಾಸ್ತ್ರಕ್ಕೆ ಅಪೂರ್ವವಾದ ಸಾಕ್ಷ್ಯವಾದೀತೆಂದು ಎಣಿಸಿರಲಾರರು; ಅವರ ಮಟ್ಟಿಗೆ ಅದು ದಿನನಿತ್ಯದ ಕರ್ತವ್ಯ. ಆದರೆ ಶ್ರದ್ಧೆಯಿಂದ ಮಾಡಿದ ಸಣ್ಣ ಕೆಲಸವೊಂದು ಎಷ್ಟು ದೂರ ಹೋಗಿ ಮುಟ್ಟಬಲ್ಲುದೆಂಬುದನ್ನು ನೆನೆದಾಗಲೆಲ್ಲ ನನಗೆ ಆ ಹೆಸರಿಲ್ಲದ ಹೆಂಗಳೆಯರ ಬಗೆಗೆ ಕೃತಜ್ಞತೆ ಮೂಡುತ್ತದೆ.

ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಡೇವಿಡ್ ಬಾರ್ಕರ್ ಎಂಬ ವೈದ್ಯವಿಜ್ಞಾನಿ 1989ರಲ್ಲಿ, ಹರ್ಟ್‌ಫರ್ಡ್‌ಷೈರ್ ಪ್ರಾಂತದ ಹಳೆಯ ಶಿಶುದಾಖಲೆಗಳ ಆಧಾರದ ಮೇಲೆ, 1911ರಿಂದ 1930ರವರೆಗೆ ಹುಟ್ಟಿದ 5,600ಕ್ಕೂ ಮಿಕ್ಕ ಗಂಡಸರ ಜೀವಿತವನ್ನು ಪರಿಶೀಲಿಸಿ, ಒಂದು ವರ್ಷ ತುಂಬಿದಾಗ ತೂಕದಲ್ಲಿ ತೀರ ಹಿಂದುಳಿದಿದ್ದವರಲ್ಲಿಯೇ ಹೃದ್ರೋಗದ ಮರಣಗಳು ಅಧಿಕವಾಗಿದ್ದುವೆಂದು ತೋರಿಸಿದ್ದರು. ಹೃದ್ರೋಗವೆಂಬುದು ಉಂಡು ತಿಂದು ಮೈ ಬೆಳೆಸಿದವರ ಬೇನೆಯೆಂಬ ನಂಬಿಕೆ ರೂಢಮೂಲವಾಗಿದ್ದ ಆ ಕಾಲದಲ್ಲಿ ಈ ಮಾತು ವಿದ್ವಾಂಸರಲ್ಲಿ ವಿಸ್ಮಯವನ್ನೂ ವಿವಾದವನ್ನೂ ಒಟ್ಟಿಗೆ ಎಬ್ಬಿಸಿತು. ಬಡತನವೂ ಕೃಶತೆಯೂ ವ್ಯಾಪಕವಾಗಿರುವ ದೇಶದಲ್ಲಿ ಇದು ಎಷ್ಟರಮಟ್ಟಿಗೆ ನಿಜವೆಂದು ಪರೀಕ್ಷಿಸಬೇಕಾದರೆ ಅಲ್ಲಿಯೂ ಹಳೆಯ ಜನನದ ತೂಕಗಳು ದೊರೆಯಬೇಕು; ಅವು ದೊರೆತುದು ಮೈಸೂರಿನಲ್ಲಿ. ಕ್ಯಾರೊಲಿನ್ ಫಾಲ್ ಮೊದಲಾದ ಸಂಶೋಧಕರು ಆಸ್ಪತ್ರೆಯ ವೈದ್ಯರೊಡಗೂಡಿ, 1934ರಿಂದ 1954ರ ಒಳಗೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸಮೀಪದಲ್ಲಿಯೇ ಇನ್ನೂ ಬಾಳುತ್ತಿದ್ದ 517 ಮಂದಿ ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿಯ ಸಾರಾಂಶವೇನೆಂದರೆ: ಹುಟ್ಟಿದಾಗ ಐದೂವರೆ ಪೌಂಡು, ಎಂದರೆ ಎರಡೂವರೆ ಕಿಲೋ, ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಹೃದಯದ ಧಮನಿಗಳ ರೋಗ ನೂರಕ್ಕೆ 11 ಮಂದಿಗೆ ಇದ್ದಿತು, ಏಳು ಪೌಂಡು ಅಥವಾ ಅದಕ್ಕೂ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಕೂಸೂ ಸಣ್ಣದಾಗಿ, ಬಸುರಿನಲ್ಲಿ ತಾಯಿಯ ತೂಕವೂ 100 ಪೌಂಡಿಗಿಂತ ಕಡಿಮೆಯಾಗಿದ್ದ ಪಕ್ಷದಲ್ಲಿ ಆ ಪ್ರಮಾಣ ನೂರಕ್ಕೆ 20ಕ್ಕೆ ಏರಿತ್ತು.

ತಾಯಿಯ ಮೈಯಲ್ಲಿ ಇಲ್ಲದ ಮಾಂಸ, ಐವತ್ತು ವರ್ಷಗಳ ಅನಂತರ, ಮಗನ ಎದೆಯಲ್ಲಿ ನೋವಾಗಿ ಕಾಣಿಸಿಕೊಂಡಿತು. ತೂಕಕ್ಕೂ ಆರೋಗ್ಯಕ್ಕೂ ಇರತಕ್ಕ ಸಂಬಂಧವನ್ನು ಕುರಿತು ಬರೆಯಹೊರಟವನಿಗೆ ಇದಕ್ಕಿಂತ ಗಂಭೀರವಾದ ಆರಂಭ ದೊರೆಯದು.

ನಾನು ಬಾಲಕನಾಗಿದ್ದಾಗ ರೈಲ್ವೆ ನಿಲ್ದಾಣದ ತೂಕದ ಯಂತ್ರದ ಮೇಲೆ ನಿಲ್ಲುವುದೆಂದರೆ ಒಂದು ಉತ್ಸವ. ಕೆಂಪು ದೀಪಗಳು ಮಿಣುಕಿ, ಚಕ್ರಗಳು ತಿರುಗಿ, ನಾಣ್ಯ ಹಾಕಿದ ಕೆಲವು ಕ್ಷಣಗಳಲ್ಲಿ ದಪ್ಪ ಕಾಗದದ ಚೀಟಿಯೊಂದು ಕೆಳಗೆ ಬೀಳುತ್ತಿತ್ತು. ಅದರ ಒಂದು ಮೈಯಲ್ಲಿ ನಿಂತವರ ತೂಕ, ಇನ್ನೊಂದು ಮೈಯಲ್ಲಿ ಅವರ ಭವಿಷ್ಯ. ನಮ್ಮ ಮನೆಯ ಹಿರಿಯರು ತೂಕದ ಕಡೆಯನ್ನು ನೋಡಿ ಒಂದು ಸೇರು ಏರಿದ್ದರೆ ಸಂತೋಷಪಡುತ್ತಿದ್ದರು. 'ಮೈ ತುಂಬಿಕೊಂಡಿದ್ದಾನೆ' ಎಂಬುದು ಆಗಿನ ಕಾಲಕ್ಕೆ ಪ್ರಶಂಸೆ. 'ಸೊರಗಿದ್ದೀಯಲ್ಲ' ಎಂಬುದು ಕನಿಕರ. ಬಾಣಂತಿಯನ್ನು ತವರಿನಿಂದ ಕಳುಹಿಸಿಕೊಡುವಾಗ ಅವಳ ಕೆನ್ನೆ ತುಂಬಿಲ್ಲದಿದ್ದರೆ ತವರಿನ ಮಾನಕ್ಕೆ ಕುಂದು. ಬರಗಾಲವನ್ನು ಕಂಡ ಜನರ ಭಾಷೆಯದು, ಅದರಲ್ಲಿ ತಪ್ಪೆಣಿಸುವುದಕ್ಕೆ ನನಗೆ ಮನಸ್ಸು ಬಾರದು. ಈಗ ಅದೇ ಭಾಷೆಯನ್ನಾಡುವ ಮನೆಗಳಲ್ಲಿ ಪ್ರಶಂಸೆಯೂ ಕನಿಕರವೂ ಸ್ಥಾನಪಲ್ಲಟ ಹೊಂದಿವೆ. ಸ್ನಾನದ ಮನೆಯ ತಕ್ಕಡಿಯ ಮೇಲೆ ಬೆಳಗ್ಗೆ ಬೆಳಗ್ಗೆ ನಿಂತು, ಅರ್ಧ ಕಿಲೋ ಏರಿತೆಂದು ದಿನವಿಡೀ ಮ್ಲಾನವಾಗಿರುವವರನ್ನು ನಾನು ಬಲ್ಲೆ. ಏರಿದರೆ ಹಿಗ್ಗುತ್ತಿದ್ದ ಕಾಲಕ್ಕೂ ಇಳಿದರೆ ಹಿಗ್ಗುವ ಕಾಲಕ್ಕೂ ಸಮಾನವಾಗಿರುವ ದೋಷವೊಂದುಂಟು: ಎರಡೂ ಕಾಲಗಳು ತೂಕದ ಮೊತ್ತವನ್ನು ಮಾತ್ರ ನೋಡಿ, ಆ ಮೊತ್ತ ಏತರಿಂದ ಕೂಡಿದುದು, ದೇಹದ ಯಾವ ಭಾಗದಲ್ಲಿ ಕೂಡಿದುದು, ಯಾವ ವಯಸ್ಸಿನಲ್ಲಿ ಕೂಡಿದುದು ಎಂಬ ಒಳಲೆಕ್ಕವನ್ನು ಕೇಳಲಿಲ್ಲ.

ನಮ್ಮ ಪ್ರಾಚೀನ ವೈದ್ಯರು ಈ ವಿಚಾರದಲ್ಲಿ ಇನ್ನಷ್ಟು ಸೂಕ್ಷ್ಮಮತಿಗಳಾಗಿದ್ದರೆಂದು ಹೇಳಬಹುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಷ್ಟೌನಿಂದಿತೀಯವೆಂಬ ಅಧ್ಯಾಯವೊಂದಿದೆ. ಎಂಟು ಬಗೆಯ ನಿಂದಿತ ದೇಹಗಳನ್ನು ಹೆಸರಿಸಿ, ಅವುಗಳಲ್ಲಿ ಅತಿಸ್ಥೂಲ ಮತ್ತು ಅತಿಕೃಶರನ್ನು ಮಾತ್ರ ಆಯ್ದುಕೊಂಡು ವಿಸ್ತಾರವಾಗಿ ವಿವೇಚಿಸಿ, ಇಬ್ಬರನ್ನೂ ಸತತವಾಗಿ ಚಿಕಿತ್ಸೆಗೆ ಅರ್ಹರಾದ ರೋಗಿಗಳೆಂದು ಅದು ಪರಿಗಣಿಸುತ್ತದೆ. ಪ್ರಶಂಸೆಗೆ ಪಾತ್ರನಾದವನು ಮಾಂಸವು ಸಮಪ್ರಮಾಣದಲ್ಲಿರುವವನು, ಮೈಕಟ್ಟು ದೃಢವಾಗಿರುವವನು. ಇಲ್ಲಿ ಕೊಬ್ಬಿನ ಮಾತು ಬೇರೆ, ಮಾಂಸದ ಮಾತು ಬೇರೆ. ಆಧುನಿಕ ವೈದ್ಯಶಾಸ್ತ್ರ ಬಹುಕಾಲ ಈ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗಿತು.

ಹಾಗೆ ತೂಗಿದುದಕ್ಕೆ ಒಂದು ಇತಿಹಾಸವಿದೆ. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ ಎಂಬ ಖಗೋಳಶಾಸ್ತ್ರಜ್ಞ ಗಗನದ ಗ್ರಹನಕ್ಷತ್ರಗಳಿಗೆ ಅನ್ವಯಿಸುತ್ತಿದ್ದ ಗಣಿತವನ್ನು ಮನುಷ್ಯಸಮುದಾಯಕ್ಕೂ ಅನ್ವಯಿಸಬೇಕೆಂಬ ಮಹತ್ವಾಕಾಂಕ್ಷೆಯಿಂದ, 1830ರ ದಶಕದಲ್ಲಿ ಸರಾಸರಿ ಮನುಷ್ಯನ ಲಕ್ಷಣಗಳನ್ನು ಅರಸುತ್ತ, ಪ್ರಾಪ್ತವಯಸ್ಕರ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುವುದೆಂದು ಗುರುತಿಸಿದನು. ಒಬ್ಬ ರೋಗಿಯ ನಾಡಿಯನ್ನು ಹಿಡಿದು ನೋಡಬೇಕೆಂಬ ಉದ್ದೇಶ ಅವನಿಗಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಹೋದ್ಯೋಗಿಗಳು ಆ ಸೂತ್ರಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರನ್ನಿತ್ತು, ಜನಸಮೂಹಗಳ ಅಧ್ಯಯನಕ್ಕೆ ಇದು ಅನುಕೂಲವೆಂದು ಶಿಫಾರಸು ಮಾಡಿದರು. ಕಿಲೋಗಳಲ್ಲಿ ತೂಕ, ಅದನ್ನು ಮೀಟರುಗಳಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ: 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಸ್ಥೂಲಕಾಯ, 18.5ಕ್ಕಿಂತ ಕೆಳಗಿಳಿದರೆ ಕೃಶತೆ. ಲಕ್ಷಗಟ್ಟಲೆ ಜನರನ್ನು ಒಟ್ಟಾಗಿ ನೋಡುವಾಗ ಈ ಬಿ.ಎಂ.ಐ. ಉಪಯುಕ್ತವಾದ ದೀಪ, ಕ್ರಮೇಣ ಅದು ವೈದ್ಯನ ಮೇಜಿನ ಮೇಲೆ ಬಂದು, ವ್ಯಕ್ತಿಯೊಬ್ಬನ ಆರೋಗ್ಯದ ತೀರ್ಪುಗಾರನ ಪೀಠವನ್ನು ಏರಿ ಕುಳಿತದ್ದೇ ತೊಡಕಿಗೆ ಕಾರಣವಾಯಿತು.

ತೊಡಕು ಎಂಥದೆಂಬುದನ್ನು ನನ್ನ ಸೋದರಮಾವನ ದೃಷ್ಟಾಂತದಿಂದ ಹೇಳುವೆನು. ಅವರು ಹಳ್ಳಿಯ ಶಾಲೆಯ ಉಪಾಧ್ಯಾಯರು. ತೆಳ್ಳನೆಯ ತೋಳು, ಒಣಕಲು ಕಾಲು, ಪಂಚೆಯ ಗಂಟಿನ ಮೇಲೆ ತುಸು ಮುಂದೆ ಬಂದ ಹೊಟ್ಟೆ. ನಲವತ್ತೆರಡನೆಯ ವಯಸ್ಸಿನಲ್ಲಿ ಅವರಿಗೆ ಸಕ್ಕರೆ ಕಾಯಿಲೆಯಿದೆಯೆಂದು ತಿಳಿದಾಗ ಮನೆಯವರಾರೂ ನಂಬಲಿಲ್ಲ. ಆ ಕಾಯಿಲೆ ಸಾಹುಕಾರರ ಸೊತ್ತು, ಗಾದಿಯ ಮೇಲೆ ಕುಳಿತು ತುಪ್ಪದನ್ನ ಉಣ್ಣುವವರಿಗೆ ಬರತಕ್ಕುದು, ದಿನಕ್ಕೆ ಮೂರು ಮೈಲಿ ನಡೆದು ಪಾಠ ಹೇಳುವ ಕಡ್ಡಿಯಂಥ ಮನುಷ್ಯನಿಗೆ ಎಲ್ಲಿಂದ ಬಂದೀತು ಎಂದು ಅಜ್ಜಿ ವಾದಿಸಿದಳು. ಮಾವನೂ ಆ ವಾದವನ್ನೇ ನಂಬಿ ನಾಲ್ಕು ವರ್ಷ ಮದ್ದನ್ನು ಮುಟ್ಟಲಿಲ್ಲ. ಅವರ ಕಾಲಿನ ಹುಣ್ಣು ಮಾಯದೆ ಉಳಿದ ದಿನಗಳನ್ನು ನಾನು ಕಂಡಿದ್ದೇನೆ. ಆಗ ನಮಗೆ ಯಾರಾದರೂ ಅವರ ಸಣ್ಣ ಹೊಟ್ಟೆಯ ಕಡೆಗೆ ಬೆರಳು ತೋರಿಸಿದ್ದರೆ ಎಂದು ಈಗಲೂ ಮನಸ್ಸು ಮರುಗುತ್ತದೆ.

ಇಂಥ ದೇಹವನ್ನು ಕುರಿತು ದೀರ್ಘಕಾಲ ಚಿಂತಿಸಿದವರು ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. 2004ರಲ್ಲಿ ಅವರೂ ಲಂಡನ್ನಿನ ಡಾ. ಜಾನ್ ಯಡ್ಕಿನ್ ಅವರೂ ಸೇರಿ ಒಂದು ಪುಟದ ಲೇಖನವನ್ನು ಪ್ರಕಟಿಸಿದರು. ಅದರಲ್ಲಿ ಪರೀಕ್ಷೆಗೆ ಒಳಗಾದವರು ಆ ಇಬ್ಬರು ವೈದ್ಯರೇ. ಇಬ್ಬರ ಬಿ.ಎಂ.ಐ.ಯೂ 22.3, ಯಾವ ಕೋಷ್ಟಕದಲ್ಲಿಯೂ ನಿರ್ದೋಷವಾದ ಸಂಖ್ಯೆ. ಆದರೆ ಕ್ಷ-ಕಿರಣಗಳಿಂದ ದೇಹದ ಕೊಬ್ಬನ್ನು ಅಳೆದಾಗ ಆಂಗ್ಲ ವೈದ್ಯರ ಮೈಯಲ್ಲಿ ನೂರಕ್ಕೆ 9.1ರಷ್ಟು, ಭಾರತೀಯ ವೈದ್ಯರ ಮೈಯಲ್ಲಿ ನೂರಕ್ಕೆ 21.2ರಷ್ಟು ಕೊಬ್ಬಿದ್ದಿತು. ತಕ್ಕಡಿ ಇಬ್ಬರನ್ನೂ ಸಮಾನರೆಂದಿತು. ಒಬ್ಬರ ತೂಕದಲ್ಲಿ ಸ್ನಾಯುವಿನ ಪಾಲು ಅಧಿಕವಾಗಿದ್ದಿತು, ಇನ್ನೊಬ್ಬರಲ್ಲಿ ಮೇದಸ್ಸಿನದು. ಅದಕ್ಕೂ ಹಿಂದೆ ಯಾಜ್ಞಿಕರು ಪುಣೆಯ ಗ್ರಾಮಾಂತರದ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿ ನೋಡಿದ್ದರು. ನಮ್ಮ ಕೂಸುಗಳ ಸರಾಸರಿ ತೂಕ 2.7 ಕಿಲೋ, ಅಲ್ಲಿಯವುಗಳದು 3.5 ಕಿಲೋ, ಹೊಟ್ಟೆಯೊಳಗಿನ ಅಂಗಾಂಗಗಳಲ್ಲಿಯೂ ಸ್ನಾಯುಗಳಲ್ಲಿಯೂ ನಮ್ಮ ಕೂಸು ಬಹಳ ಹಿಂದೆ ಬಿದ್ದಿದ್ದರೂ, ಬೆನ್ನಿನ ಚರ್ಮದಡಿಯ ಕೊಬ್ಬನ್ನು ಮಾತ್ರ ಅದು ಬಹುಮಟ್ಟಿಗೆ ಕಾಪಾಡಿಕೊಂಡಿದ್ದಿತು. ಗರ್ಭದಲ್ಲಿ ಆಹಾರ ಸಾಲದಾದಾಗ ಪ್ರಕೃತಿ ಮಾಂಸವನ್ನು ಬಿಟ್ಟುಕೊಟ್ಟು ಮೇದಸ್ಸನ್ನು ಉಳಿಸಿಕೊಳ್ಳುವುದೆಂಬಂತೆ ಇದು ತೋರುತ್ತದೆ. ನೋಟಕ್ಕೆ ಕೃಶವಾಗಿ, ಒಳಗೆ ಸ್ಥೂಲವಾಗಿರುವ ನಮ್ಮ ಮೈಕಟ್ಟು ತೊಟ್ಟಿಲಿನಿಂದಲೇ ಆರಂಭವಾಗುವಂಥದು.

ಮೇದಸ್ಸು ತನ್ನಷ್ಟಕ್ಕೆ ಶತ್ರುವೇನೂ ಆಗಿರಬೇಕಾಗಿಲ್ಲ. ಅದು ಎಲ್ಲಿ ಮನೆ ಮಾಡಿದೆಯೆಂಬುದೇ ಮುಖ್ಯ. ಫ್ರಾನ್ಸಿನ ಮಾರ್ಸೇಲ್ ನಗರದ ಜಾನ್ ವಾಗ್ ಎಂಬ ವೈದ್ಯನು 1947ರಷ್ಟು ಹಿಂದೆಯೇ, ಸೊಂಟದ ಮೇಲೆ ಸಂಗ್ರಹವಾಗುವ ಬೊಜ್ಜಿಗೂ ನಿತಂಬ, ತೊಡೆಗಳಲ್ಲಿ ಸಂಗ್ರಹವಾಗುವ ಬೊಜ್ಜಿಗೂ ಭೇದವನ್ನು ಕಲ್ಪಿಸಿ, ಮಧುಮೇಹವೂ ರಕ್ತನಾಳಗಳ ರೋಗವೂ ಮೊದಲನೆಯದರ ಬೆನ್ನು ಹಿಡಿದು ಬರುವುವೆಂದು ಹೇಳಿದ್ದನು. ಚರ್ಮದ ಅಡಿಯಲ್ಲಿರುವ ಕೊಬ್ಬಿನ ಉಗ್ರಾಣಕ್ಕೆ ಒಂದು ಮಿತಿಯುಂಟು. ಈ ಮಿತಿ ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದ್ದು. ಉಗ್ರಾಣ ತುಂಬಿದ ಮೇಲೆ ಬಂದ ದಾಸ್ತಾನು ಅಂಗಳದಲ್ಲಿಯೂ ಪಡಸಾಲೆಯಲ್ಲಿಯೂ ಬೀಳುವಂತೆ, ಉಳಿದ ಕೊಬ್ಬು ಕರುಳಿನ ಸುತ್ತಲೂ ಯಕೃತ್ತಿನ ಒಳಗೂ ಸ್ನಾಯುಗಳ ಎಳೆಗಳಲ್ಲಿಯೂ ಸೇರಿಕೊಳ್ಳುತ್ತದೆ. ಊಟದ ಅನಂತರ ರಕ್ತಕ್ಕೆ ಬರುವ ಸಕ್ಕರೆಯ ಬಹುಭಾಗವನ್ನು ಹೀರಿಕೊಳ್ಳಬೇಕಾದುದು ಸ್ನಾಯು. ಅದು ಮೊದಲೇ ಅಲ್ಪವಾಗಿದ್ದು, ಅಲ್ಪವಾದುದರಲ್ಲಿಯೂ ಕೊಬ್ಬು ಬೆರೆತಿದ್ದರೆ, ಇನ್ಸುಲಿನ್ ಎಷ್ಟು ಬಾಗಿಲು ಬಡಿದರೂ ಒಳಗಿನವರಿಗೆ ಕೇಳಿಸುವುದಿಲ್ಲ. ಕೊಬ್ಬು ತುಂಬಿದ ಯಕೃತ್ತು ತಾನೂ ಮಾತು ಕೇಳದೆ, ಉಪವಾಸದ ವೇಳೆಯಲ್ಲಿಯೂ ರಕ್ತಕ್ಕೆ ಸಕ್ಕರೆಯನ್ನು ಸುರಿಯುತ್ತಿರುತ್ತದೆ. ನನ್ನ ಮಾವನ ಸಣ್ಣ ಹೊಟ್ಟೆಯೊಳಗೆ ನಡೆದದ್ದು ಪ್ರಾಯಶಃ ಇದೇ.

ಇಂಗ್ಲೆಂಡಿನ ನ್ಯೂಕಾಸಲಿನ ರಾಯ್ ಟೇಲರ್ ಅವರು ಈ ಮಿತಿಯನ್ನು ವ್ಯಕ್ತಿಗತವಾದ ಕೊಬ್ಬಿನ ಹೊಸ್ತಿಲೆಂದು ಕರೆದಿದ್ದಾರೆ. ಬಿ.ಎಂ.ಐ. 27ನ್ನು ದಾಟದ, ಆದರೆ ಮಧುಮೇಹವಿರುವ 20 ಮಂದಿಯನ್ನು ಆಯ್ದು, ಮಿತಾಹಾರದಿಂದ ಅವರ ತೂಕವನ್ನು ನೂರಕ್ಕೆ 10ರಿಂದ 15ರಷ್ಟು ಇಳಿಸಿದಾಗ, 14 ಮಂದಿಯಲ್ಲಿ ಔಷಧಿಯಿಲ್ಲದೆಯೇ ಸಕ್ಕರೆ ಹಿಡಿತಕ್ಕೆ ಬಂದಿತು. ಕಣ್ಣಿಗೆ ದಪ್ಪನೆಂದು ತೋರದಿದ್ದರೂ ಅವರ ಹೊಸ್ತಿಲಿಗೆ ಆ ತೂಕ ಅಧಿಕವಾಗಿದ್ದಿತು. ನಮ್ಮ ಕೋಷ್ಟಕಗಳನ್ನು ನಾವೇ ಬರೆದುಕೊಳ್ಳಬೇಕಾದುದಕ್ಕೆ ಇದೂ ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಸಮಿತಿ 2004ರಲ್ಲಿ ಏಷ್ಯದ ಜನರಿಗಾಗಿ 23 ಮತ್ತು 27.5 ಎಂಬ ಎಚ್ಚರಿಕೆಯ ಗೆರೆಗಳನ್ನು ಸೂಚಿಸಿತು. 2009ರಲ್ಲಿ ಭಾರತೀಯ ವೈದ್ಯರು ಒಮ್ಮತಕ್ಕೆ ಬಂದು 23ರಿಂದ ಅಧಿಕ ತೂಕವೆಂದೂ 25ರಿಂದ ಸ್ಥೂಲಕಾಯವೆಂದೂ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರನ್ನು ಮೀರಬಾರದೆಂದೂ ನಿರ್ಣಯಿಸಿದರು. 165 ಸೆಂಟಿಮೀಟರ್ ಎತ್ತರದ ಮನುಷ್ಯನಿಗೆ ಯೂರೋಪಿನ ಗೆರೆ 68 ಕಿಲೋ ಆದರೆ, ನಮ್ಮ ಗೆರೆ 63ರ ಸಮೀಪದಲ್ಲಿಯೇ ಬಂದು ನಿಲ್ಲುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಆವೃತ್ತಿ, 2019ರಿಂದ 21ರ ನಡುವೆ ನಡೆದುದು, ಮೊಟ್ಟಮೊದಲ ಸಲ ತಕ್ಕಡಿಯೊಡನೆ ಅಳತೆಯ ಪಟ್ಟಿಯನ್ನೂ ಮನೆಮನೆಗೆ ಕೊಂಡೊಯ್ದಿತು. ಬಿ.ಎಂ.ಐ.ಯಿಂದ ನೋಡಿದರೆ ಭಾರತದ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿ ಮಿತಿ ಮೀರಿದವರು. ಸೊಂಟಕ್ಕೂ ನಿತಂಬಕ್ಕೂ ಇರುವ ಅನುಪಾತದಿಂದ ನೋಡಿದರೆ ಅಪಾಯದ ಗೆರೆಯನ್ನು ದಾಟಿದವರು ನೂರಕ್ಕೆ 56ಕ್ಕೂ ಮಿಕ್ಕವರು. ಈ ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿ, ತಾವು ನಿರೋಗಿಗಳೆಂದು ನೆಮ್ಮದಿಯಿಂದಿರುವ ಕೋಟ್ಯಂತರ ಹೆಣ್ಣುಮಕ್ಕಳಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳ ಸುಮಾರು 27,000 ಜನರನ್ನೊಳಗೊಂಡು ನಡೆದ ಇಂಟರ್‌ಹಾರ್ಟ್ ಅಧ್ಯಯನವೂ, ಹೃದಯಾಘಾತದ ಸಂಭವವನ್ನು ಸೂಚಿಸುವುದರಲ್ಲಿ ಬಿ.ಎಂ.ಐ.ಗಿಂತ ಈ ಅನುಪಾತವೇ ಬಹಳ ಮೇಲೆಂದು 2005ರಲ್ಲಿ ತೋರಿಸಿತ್ತು. ದರ್ಜಿಯ ಕೈಯಲ್ಲಿರುವ ಪಟ್ಟಿಯಿಂದ ತಿಳಿಯಬಹುದಾದ ಈ ಸಂಗತಿ ನಮ್ಮ ಎಷ್ಟೋ ಚಿಕಿತ್ಸಾಲಯಗಳಲ್ಲಿ ಇನ್ನೂ ತಿಳಿಯದೆ ಉಳಿದಿದೆಯೆಂಬುದು ವ್ಯಸನದ ಮಾತು.

ಇಷ್ಟೆಲ್ಲ ಹೇಳಿದ ಮೇಲೆ, ತೂಕವನ್ನು ಇಳಿಸಿಕೊಳ್ಳುವುದೇ ಸರ್ವರೋಗನಿವಾರಕವೆಂದು ಯಾರಾದರೂ ತಿಳಿದಲ್ಲಿ, ಅವರನ್ನು ಝಾರ್ಖಂಡದ ಕ್ಷಯರೋಗಿಗಳ ಮನೆಗಳಿಗೆ ಕರೆದೊಯ್ಯಬೇಕೆಂದು ನನಗೆ ತೋರುತ್ತದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ದಂಪತಿಗಳು ಆ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳಿಗೆ ಔಷಧಿಯೊಡನೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಗಳನ್ನು ತಿಂಗಳು ತಿಂಗಳು ಕೊಡಿಸಿ, ಅದರ ಪರಿಣಾಮವನ್ನು 2023ರಲ್ಲಿ ಪ್ರಕಟಿಸಿದರು. ಆ ರೋಗಿಗಳಲ್ಲಿ ಐದರಲ್ಲಿ ನಾಲ್ವರು ಕೃಶತೆಯ ಗೆರೆಯ ಕೆಳಗಿದ್ದವರು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ಮೈತೂಕ ನೂರಕ್ಕೆ ಒಂದರಷ್ಟು ಏರಿದರೂ ಮರಣದ ಸಂಭವ ನೂರಕ್ಕೆ 13ರಷ್ಟು ತಗ್ಗಿತು. ನೂರಕ್ಕೆ ಐದರಷ್ಟು ಏರಿದವರಲ್ಲಿ ನೂರಕ್ಕೆ 61ರಷ್ಟು. ನಲವತ್ತು ಕಿಲೋ ತೂಗುವ ಮನುಷ್ಯನಿಗೆ ನೂರಕ್ಕೆ ಐದೆಂದರೆ ಎರಡು ಕಿಲೋ. ಅದೇ ಮನೆಯ ಇತರರಿಗೂ ಪಡಿತರ ದೊರೆತಾಗ, ಅವರಿಗೆ ಕ್ಷಯ ಅಂಟುವುದು ನೂರಕ್ಕೆ 39ರಿಂದ 48ರಷ್ಟು ಕಡಿಮೆಯಾಯಿತು. ಪಟ್ಟಣದ ಒಬ್ಬನು ಕಳೆದುಕೊಳ್ಳಲು ಹವಣಿಸುವ ಎರಡು ಕಿಲೋ, ಕಾಡಿನಂಚಿನ ಇನ್ನೊಬ್ಬನಿಗೆ ಪ್ರಾಣವೇ ಆಗಿದೆ. ಒಂದೇ ಕುಟುಂಬ ಸಮೀಕ್ಷೆಯಲ್ಲಿ ಅಧಿಕ ತೂಕದ ಸ್ತ್ರೀಯರೊಡನೆ, ನೂರಕ್ಕೆ ಹದಿನೆಂಟಕ್ಕೂ ಮಿಕ್ಕು ಕೃಶಸ್ತ್ರೀಯರೂ ಎಣಿಕೆಗೆ ಬಂದಿರುವ ದೇಶವಿದು.

ಮುಪ್ಪಿನ ವಿಚಾರವೂ ಬೇರೆಯೇ. ಎಪ್ಪತ್ತು ದಾಟಿದವರಲ್ಲಿ ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ, ಮನೆಯವರು ಅದನ್ನು ಮಿತಾಹಾರದ ಫಲವೆಂದು ಮೆಚ್ಚದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕರಗುತ್ತಿರುವುದು ಅನೇಕ ವೇಳೆ ಸ್ನಾಯು, ಅದು ಕರಗಿದವರು ಬೀಳುತ್ತಾರೆ, ಬಿದ್ದವರ ಸೊಂಟದ ಮೂಳೆ ಮುರಿಯುತ್ತದೆ. ಮಂಡಿಗೆ ಕೈಕೊಡದೆ ಚಾಪೆಯಿಂದ ಎದ್ದು ನಿಲ್ಲಬಲ್ಲ ಮುದುಕಿಯ ತೂಕ ಕೋಷ್ಟಕಕ್ಕಿಂತ ಎರಡು ಕಿಲೋ ಹೆಚ್ಚಾಗಿದ್ದರೂ ನಾನು ಅವಳ ಬಗೆಗೆ ಚಿಂತಿಸಲಾರೆ. ಮೈಸೂರಿನ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಅಖಾಡದಲ್ಲಿ ಸಾಮು ಮಾಡಿದ ಪೈಲ್ವಾನರಲ್ಲಿ ಬಿ.ಎಂ.ಐ. 30ನ್ನು ಮೀರಿದವರು ಎಷ್ಟೋ ಮಂದಿ ಇದ್ದಿರಬೇಕು. ಅವರ ಭಾರವನ್ನು ಹೊತ್ತುದು ತೊಡೆ, ಬೆನ್ನು, ಭುಜಗಳ ಮಾಂಸ. ಅಕ್ಕಿಯೂ ಸಕ್ಕರೆಯೂ ಅಧಿಕವಾಗಿ, ಬೇಳೆ ಕಾಳು ಹಾಲು ಮೊಟ್ಟೆಗಳು ಕಡಿಮೆಯಾದ, ಕುಳಿತೇ ದುಡಿಯುವ ನಮ್ಮ ಈಗಿನ ಜೀವನಕ್ರಮದಲ್ಲಿ ಮಾಂಸಕ್ಕೆ ಆಧಾರವಿಲ್ಲ, ಮೇದಸ್ಸಿಗೆ ಅವಕಾಶ ಯಥೇಚ್ಛವಾಗಿದೆ.

ಮಿಷನ್ ಆಸ್ಪತ್ರೆಯ ಪುಸ್ತಕಗಳಿಗೆ ಮರಳುವೆನು, ಏಕೆಂದರೆ ಅವು ಹೇಳಿದುದು ಅಲ್ಲಿಗೇ ಮುಗಿಯಲಿಲ್ಲ. ಹೃದ್ರೋಗದ ವಿಷಯದಲ್ಲಿ ಸಣ್ಣ ಕೂಸುಗಳನ್ನು ತೋರಿಸಿದ ಅದೇ ದಾಖಲೆಗಳಲ್ಲಿ ಮಧುಮೇಹವನ್ನು ಅರಸಿದಾಗ, 1998ರಲ್ಲಿ ವಿಚಿತ್ರವಾದ ಸಂಗತಿ ಹೊರಬಿದ್ದಿತು. ಮಧುಮೇಹ ಅಧಿಕವಾಗಿದ್ದುದು ಹುಟ್ಟಿದಾಗ ಉದ್ದದಲ್ಲಿ ಗಿಡ್ಡಾಗಿ, ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿದ್ದವರಲ್ಲಿ. ಅವರ ತಾಯಂದಿರೂ ತುಸು ಭಾರವಾಗಿದ್ದವರು. ಬಸುರಿನಲ್ಲಿ ಆ ತಾಯಂದಿರ ರಕ್ತದ ಸಕ್ಕರೆ ಏರಿದ್ದಿರಬೇಕು, ಆ ಸಿಹಿ ಹೊಕ್ಕುಳ ಬಳ್ಳಿಯ ಮೂಲಕ ಕೂಸಿಗೂ ಹರಿದಿರಬೇಕು ಎಂದು ಸಂಶೋಧಕರು ತರ್ಕಿಸಿದರು. ತಾಯಿ ಸೊರಗಿದರೆ ಒಂದು ಬಗೆಯ ಕೇಡು, ತಾಯಿ ಅಧಿಕವಾಗಿ ತುಂಬಿಕೊಂಡರೆ ಮತ್ತೊಂದು ಬಗೆಯ ಕೇಡು; ಒಂದು ತಲೆಮಾರು ಹಸಿವಿನಿಂದ ಹೊರಬಂದು ಮುಂದಿನ ತಲೆಮಾರು ತಟ್ಟನೆ ಸಮೃದ್ಧಿಗೆ ಕಾಲಿಟ್ಟಾಗ ಎರಡೂ ಕೇಡುಗಳು ಒಂದೇ ಬಸುರಿನಲ್ಲಿ ಕೂಡಿಬರುವುದುಂಟು. ಹದಿಹರೆಯದಲ್ಲಿ ಅನ್ನಕ್ಕೆ ಕೊರತೆಪಟ್ಟು ಗಿಡ್ಡಾಗಿ ಬೆಳೆದ ಹುಡುಗಿ, ಮದುವೆಯಾಗಿ ಪಟ್ಟಣಕ್ಕೆ ಬಂದು, ಬಸುರಿಯೆಂದು ಎಲ್ಲರೂ ಅಕ್ಕರೆಯಿಂದ ಸಿಹಿಯನ್ನು ತಿನ್ನಿಸಿದಾಗ, ಅವಳ ಸಣ್ಣ ಮೈಯ ಸಣ್ಣ ಉಗ್ರಾಣ ಎಷ್ಟನ್ನು ತಾಳೀತು?

ಆ ತರ್ಕವನ್ನು ಪರೀಕ್ಷಿಸಲೆಂದು 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ 830 ಬಸುರಿಯರ ರಕ್ತದ ಸಕ್ಕರೆಯನ್ನು ಅಳೆದು, ಅವರ ಮಕ್ಕಳನ್ನು ವರ್ಷವರ್ಷವೂ ಕರೆಸಿ ತೂಗಿ, ಚರ್ಮದ ಮಡಿಕೆಗಳನ್ನು ಅಳೆಯುತ್ತ ಬಂದರು. ಪಾರ್ಥೆನಾನ್ ಅಧ್ಯಯನವೆಂದು ಅದಕ್ಕೆ ಹೆಸರು. ಬಸುರಿನಲ್ಲಿ ಮಧುಮೇಹ ಕಾಣಿಸಿಕೊಂಡ ತಾಯಂದಿರ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಐದು ವರ್ಷ ತುಂಬುವ ವೇಳೆಗೇ ಇತರರಿಗಿಂತ ಹೆಚ್ಚು ಕೊಬ್ಬನ್ನು ಹೊತ್ತಿದ್ದರು. ಒಂಬತ್ತೂವರೆ ವಯಸ್ಸಿನಲ್ಲಿ ಅವರ ದೇಹ ಇನ್ಸುಲಿನ್ನಿನ ಮಾತನ್ನು ಕೇಳದಿರುವ ಲಕ್ಷಣಗಳೂ ತೋರಿದುವು. ಆ ಹೆಣ್ಣುಮಕ್ಕಳು ಈಗ ಇಪ್ಪತ್ತೈದನ್ನು ದಾಟಿದ ಪ್ರಾಯದವರು. ಅವರಲ್ಲಿ ಕೆಲವರು ಈಗಾಗಲೇ ತಾಯಂದಿರಾಗಿರಬೇಕು, ಇನ್ನು ಕೆಲವರು ಬಸುರಿಯರಾಗಿರಬೇಕು. ಎಲ್ಲಿಯೋ ಒಂದು ಹೆರಿಗೆಯ ಕೋಣೆಯಲ್ಲಿ ದಾದಿಯೊಬ್ಬಳು ಅವರ ಕೂಸನ್ನು ತಕ್ಕಡಿಯ ಮೇಲಿಟ್ಟು, ಮುಳ್ಳು ನಿಲ್ಲುವವರೆಗೆ ಕಾದು, ಪೌಂಡಿನ ಬದಲು ಕಿಲೋಗ್ರಾಮಿನಲ್ಲಿ ಆ ಅಂಕಿಯನ್ನು, ಅದರ ಪಕ್ಕದಲ್ಲಿ ತಾಯಿಯ ತೂಕವನ್ನು, ಬರೆದುಕೊಳ್ಳುತ್ತಿದ್ದಾಳೆ.